ಕೆಲಸದಾಕೆಯ ಪಾತ್ರ

ನನ್ನ ಕನ್ನಡಕ್ಕೊಂದು ಧಾಟಿ ಇದೆ ಎಂದು ನನಗೆ ಗೊತ್ತಾದದ್ದು ಇಪ್ಪತ್ಮೂರನೆಯ ವಯಸ್ಸಿನಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ಇಡ್ಲಿ ತಟ್ಟೆ ಹಿಡಿದು ಕೂರಲು ಜಾಗ ಹುಡುಕುತ್ತಿದ್ದಾಗ. ಅಲ್ಲಿಯವರೆಗೆ ನಾನು ಮಾತಾಡುತ್ತಿದ್ದದ್ದು ಬರೀ ಕನ್ನಡ. ಬೇರೆ ಥರ ಮಾತಾಡುವವರನ್ನು ಟೀವಿಯಲ್ಲಿ ಕೇಳಿದ್ದೆ, ನಿಜ. ಆದರೆ ಅವರು ಟೀವಿಯಲ್ಲಿ ಬರುವುದರಿಂದ ಹಾಗೆ ಮಾತಾಡುತ್ತಾರೆ, ಮನೆಗೆ ಹೋದ ಮೇಲೆ ನಮ್ಮಂತೆಯೇ ಮಾತಾಡುತ್ತಾರೆ ಎಂದುಕೊಂಡಿದ್ದೆ.

ನಮ್ಮ ಮನೆ ಇದ್ದದ್ದು ಹೈದರಾಬಾದಿನ ಕಾಚಿಗೂಡದಲ್ಲಿ, ಸ್ಟೇಷನ್ನಿನ ಮಗ್ಗುಲ ಗಲ್ಲಿಯಲ್ಲಿ. ಎರಡೇ ಕೋಣೆ. ಅಪ್ಪ ಅವ್ವ ನಾನು ಹುಟ್ಟುವ ಮೊದಲೇ ಲಿಂಗಸುಗೂರು ಕಡೆಯಿಂದ ಬಂದವರು. ಅಪ್ಪ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುವ ಕೆಲಸದಲ್ಲಿದ್ದ. ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ತೀರಿಕೊಂಡ. ಅವ್ವ ಅದೇ ಅಂಗಡಿಯ ಸೀರೆಗಳಿಗೆ ಫಾಲ್ ಹಚ್ಚಿಕೊಡುತ್ತಿದ್ದಳು. ಇಡೀ ದಿನ ಕಿಟಕಿಯ ಕೆಳಗೆ ಕೂತು, ತೊಡೆಯ ಮೇಲೆ ಯಾರದೋ ಸೀರೆ ಹರಡಿಕೊಂಡು, ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಮಾತಾಡುವವಳು. ದನಿ ದೊಡ್ಡದು. ಮನುಷ್ಯರು ಸಿಗದಿದ್ದರೆ ವಸ್ತುಗಳ ಜೊತೆ ಮಾತು. ಕುಕ್ಕರ್ ಸೀಟಿ ಹೊಡೆದರೆ, "ತಡಿ, ಬಂದೆ, ಒದರಬ್ಯಾಡ" ಎನ್ನುವಳು. ಗಂಟುಬಿದ್ದ ದಾರಕ್ಕೆ, "ನಿನಗ ಏನ್ ಆಗೈತಿ ಇವತ್ತ" ಎಂದು ವಿಚಾರಿಸುವಳು.

ನಮ್ಮಲ್ಲೊಂದು ರೂಢಿ ಇತ್ತು. ಕನ್ನಡ ಹೊಸ್ತಿಲು ದಾಟುತ್ತಿರಲಿಲ್ಲ. ಯಾರೂ ಕೂತು ಮಾಡಿದ ನಿಯಮವಲ್ಲ. ಗಲ್ಲಿಯಲ್ಲಿ ಹಿಂದಿ, ಕಾಯಿಪಲ್ಲೆಯವಳ ಹತ್ತಿರ ತೆಲುಗು, ಒಳಗೆ ಬಂದು ಬಾಗಿಲು ಹಾಕಿದ ಮೇಲೆ ಕನ್ನಡ. ಪಕ್ಕದ ಮನೆಯಾಕೆ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾದರೆ ಸಾಕು, ಅವ್ವ ವಾಕ್ಯದ ನಡುವೆಯೇ ಹೊರಳಿಬಿಡುತ್ತಿದ್ದಳು. "ಆ ಡಬ್ಬಿ ಮ್ಯಾಲಿಂದ ಇಳಿಸಿ ಹಿಟ್ಟು... ಆಯಿಯೇ, ಆಯಿಯೇ, ಬೈಠಿಯೇ." ನಾವಿಬ್ಬರು ಬಸ್ಸಿನಲ್ಲಿ ಹೋಗುವಾಗಲೂ ಹಿಂದಿಯಲ್ಲೇ ಮಾತಾಡುತ್ತಿದ್ದೆವು. ನನಗೆ ಅದೆಂದೂ ವಿಚಿತ್ರ ಅನ್ನಿಸಿರಲಿಲ್ಲ. ಸ್ನಾನಕ್ಕೆ ಬಾಗಿಲು ಹಾಕಿಕೊಳ್ಳುತ್ತೇವಲ್ಲ, ಹಾಗೆ.

ಊರಿಗೆಲ್ಲ ಕಂಪ್ಯೂಟರಿನ ಹುಚ್ಚು ಹತ್ತಿದ್ದ ಕಾಲ ಅದು. ನಾನೂ ಅಮೀರ್‌ಪೇಟ್‌ನಲ್ಲಿ ಆರು ತಿಂಗಳು ಟೆಸ್ಟಿಂಗ್ ಕಲಿತೆ. ಒಂದೇ ಕೋಣೆಯಲ್ಲಿ ನೂರು ಜನ, ಮೆಟ್ಟಿಲ ಮೇಲೂ ಜನ. ಅಲ್ಲಿಗೆ ಗುಂಟೂರು ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗಿಯರು ನನ್ನ ತೆಲುಗು ಕೇಳಿ ಬಿದ್ದು ಬಿದ್ದು ನಕ್ಕರು. ನಾನು ಅವರ ಹಿಂದಿ ಕೇಳಿ ನಕ್ಕೆ. ಯಾರಿಗೂ ನೋವಾಗಲಿಲ್ಲ. ಹೊರಗಿನ ಮಾತಿಗೆ ಯಾರು ನಕ್ಕರೂ ಆ ನಗು ಹೊರಗೇ ಉಳಿಯುತ್ತಿತ್ತು. ಆಮೇಲೆ ಹೈಟೆಕ್ ಸಿಟಿಯ ಕಡೆ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಕೆಲಸ. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು. ನಾನು ಚಿಕ್ಕಂದಿನಿಂದಲೂ ಎಲ್ಲಿ ಏನು ಕೆಡಬಹುದು ಎಂದು ಮೊದಲೇ ಯೋಚಿಸಿ ಹೊಟ್ಟೆ ಕೆಡಿಸಿಕೊಳ್ಳುವವಳು.

ಸೇರಿದ ಎರಡನೆಯ ವಾರ. ಕ್ಯಾಂಟೀನಿನಲ್ಲಿ ಒಬ್ಬ ಹುಡುಗಿ ಮೊಬೈಲಿನಲ್ಲಿ ಕನ್ನಡ ಮಾತಾಡುತ್ತಿದ್ದಳು. ನನಗೆ ಹೋದ ಜೀವ ಮರಳಿ ಬಂದ ಹಾಗಾಯಿತು. ಮನೆಯ ಹೊರಗೆ, ನನ್ನ ವಯಸ್ಸಿನವರ ಬಾಯಲ್ಲಿ, ಬೆಳಕಿನಲ್ಲಿ, ಕನ್ನಡ. ಅವಳು ಫೋನು ಇಡುವವರೆಗೆ ಪಕ್ಕದಲ್ಲೇ ನಿಂತಿದ್ದು, "ನೀವು ಕನ್ನಡದವರೇನ್ರೀ? ಯಾವ ಊರ್ರಿ ನಿಮ್ದು? ನಂಗ ಭಾಳ ಖುಷಿ ಆತ್ರಿ" ಅಂದೆ.

ಅವಳು ನಕ್ಕಳು. ಕೆಟ್ಟ ನಗುವಲ್ಲ, ಅದೇ ತೊಂದರೆ. ಮಗು ಏನೋ ಮುದ್ದಾಗಿ ಅಂದಾಗ ನಗುತ್ತಾರಲ್ಲ, ಅಂಥ ನಗು. "ಅಯ್ಯೋ, ಎಷ್ಟು ಚೆನ್ನಾಗಿ ಮಾತಾಡ್ತೀರ! ಇನ್ನೊಂದ್ಸಲ ಹೇಳಿ, ಪ್ಲೀಸ್" ಅಂದಳು. ಅವಳು ಮೈಸೂರಿನವಳು. ಟೇಬಲ್ಲಿನಲ್ಲಿ ಬೆಂಗಳೂರಿನವರು ಇಬ್ಬರು, ಮಂಗಳೂರಿನವನೊಬ್ಬ ಇದ್ದರು. ನಾನು ಇನ್ನೊಂದು ಸಲ ಹೇಳಿದೆ. ಎಲ್ಲರೂ ನಕ್ಕರು. ಅವರನ್ನು ನೋಡಿಕೊಂಡು ನಾನೂ ನಕ್ಕೆ.

ಮೈಸೂರಿನವಳು ಒಳ್ಳೆಯವಳು, ಅದನ್ನು ಮೊದಲೇ ಹೇಳಿಬಿಡಬೇಕು. ಅಂದಿನಿಂದ ನನ್ನನ್ನು ಬಿಡದೆ ಊಟಕ್ಕೆ ಕರೆದಳು, ಪಕ್ಕದ ಸೀಟಿಗೆ ಬಂದಳು, ತಿಂಗಳೊಳಗೆ "ಕಣೇ" ಅನ್ನತೊಡಗಿದಳು. ಅವಳ ಜೊತೆ ಇರಬೇಕೆಂದು ನನಗೆ ಎಷ್ಟು ಆಸೆಯಿತ್ತೋ ಬಾಯಿ ಬಿಡಲು ಅಷ್ಟೇ ಹೆದರಿಕೆ. ಪ್ರತಿ ವಾಕ್ಯವನ್ನೂ ಮೊದಲು ತಲೆಯೊಳಗೆ ಹೇಳಿಕೊಂಡು, ತಪ್ಪು ಹುಡುಕಿ, ತಿದ್ದಿ, ಆಮೇಲೆ ಹೊರಗೆ ಬಿಡುತ್ತಿದ್ದೆ. ಅಷ್ಟರಲ್ಲಿ ಅವರ ಮಾತು ಮುಂದಿನ ಸಂಗತಿಗೆ ಹೋಗಿರುತ್ತಿತ್ತು. ನಾನು ಮಿತಭಾಷಿ ಎಂದು ಹೆಸರಾದೆ. ನಮ್ಮ ಗಲ್ಲಿಯವರು ಇದನ್ನು ಕೇಳಿದ್ದರೆ ನಂಬುತ್ತಿರಲಿಲ್ಲ.

ಆರು ತಿಂಗಳಲ್ಲಿ ನಾನು ಮೈಸೂರಿನವಳ ಕನ್ನಡವನ್ನು ಪೂರಾ ಎತ್ತಿಕೊಂಡೆ. "ಅಲ್ವಾ", "ಹೌದಾ", "ಬರ್ತಿದೀನಿ". ಅವಳು ಮಾತು ಮುಗಿಸುವಾಗ ಕೊನೆಗೆ ದನಿ ಎಳೆಯುವುದನ್ನೂ ಕಲಿತೆ. ಎಷ್ಟರಮಟ್ಟಿಗೆ ಎಂದರೆ, ಮಂಗಳೂರಿನವನು ಪುಸ್ತಕ ಓದಿದ ಹಾಗೆ ಮಾತಾಡುತ್ತಾನೆ ಎಂದು ಉಳಿದವರು ನಗುವಾಗ ಎಲ್ಲರಿಗಿಂತ ಮೊದಲು ನಗುತ್ತಿದ್ದವಳು ನಾನು. ನಗುವವರ ಗುಂಪಿನಲ್ಲಿದ್ದರೆ ಸದ್ಯಕ್ಕೆ ಸುರಕ್ಷಿತ. ಅವನು ನನ್ನ ಕಡೆ ಒಮ್ಮೆ ಸುಮ್ಮನೆ ನೋಡಿದ್ದ. ನಾನೇಕೆ ನಗುತ್ತೇನೆಂದು ಅವನಿಗೆ ಗೊತ್ತಾಗಿಬಿಟ್ಟಿದೆ ಅನ್ನಿಸಿ ಒಂದು ವಾರ ಅವನ ಕಣ್ಣು ತಪ್ಪಿಸಿ ಓಡಾಡಿದೆ.

ಆಫೀಸಿನ ಪಕ್ಕದಲ್ಲಿ ಇನ್ನೊಂದು ಕಟ್ಟಡ ಏಳುತ್ತಿತ್ತು. ಅಲ್ಲಿ ಕಲ್ಲು ಮಣ್ಣು ಹೊರುವವರೆಲ್ಲ ನಮ್ಮ ರಾಯಚೂರು, ಯಾದಗಿರಿ ಕಡೆಯವರು. ಒಂದು ಸಂಜೆ ನಾನೂ ಮೈಸೂರಿನವಳೂ ಬಸ್‌ಸ್ಟಾಪಿನಲ್ಲಿದ್ದೆವು. ತಲೆಗೆ ಟವೆಲು ಸುತ್ತಿದ ಹೆಂಗಸೊಬ್ಬಳು ಬಂದು, "ಯವ್ವಾ, ಈ ಬಸ್ಸು ಕೋಠಿಗೆ ಹೊಕ್ಕೈತೇನು?" ಎಂದು ನನ್ನನ್ನೇ ಕೇಳಿದಳು. ಅಷ್ಟು ಜನರಲ್ಲಿ ನನ್ನನ್ನೇ ಯಾಕೆ ಆರಿಸಿಕೊಂಡಳೋ, ನನ್ನ ಮುಖದಲ್ಲಿ ಏನು ಕಂಡಳೋ. "ಹಾಂ, ಜಾತಾ ಹೈ" ಅಂದು ಮುಖ ತಿರುಗಿಸಿದೆ. ಬಸ್ಸಿನಲ್ಲಿ ಕೂತ ಮೇಲೂ ನನ್ನ ಮುಖವನ್ನು ಕಿಟಕಿಯ ಗಾಜಿನಲ್ಲಿ ನೋಡಿಕೊಂಡೇ ಇದ್ದೆ.

ಇಷ್ಟೆಲ್ಲ ಕಾದುಕೊಂಡದ್ದು ಒಂದು ಮಧ್ಯಾಹ್ನ ಅವ್ವನ ಫೋನಿನಿಂದ ಹೋಯಿತು. ಅವಳು ಆಫೀಸಿಗೆ ಫೋನು ಮಾಡುವವಳಲ್ಲ. ಅವತ್ತು ಗ್ಯಾಸ್ ಸಿಲಿಂಡರಿನವನು ಬಂದು ನಿಂತಿದ್ದ, ಪುಸ್ತಕ ಎಲ್ಲಿಟ್ಟಿದ್ದೇನೆಂದು ನನ್ನನ್ನು ಕೇಳಬೇಕಿತ್ತು. ಮೇಜಿನ ಮೇಲಿನ ಫೋನು ಎತ್ತಿದೊಡನೆ ಅವಳ ದನಿ ಕಿವಿಯಿಂದ ಹೊರಗೆ ಚೆಲ್ಲಿತು. "ಯವ್ವಾ, ಉಂಡಿಯೇನು? ಗ್ಯಾಸಿನ ಬುಕ್ ಎಲ್ಲಿಟ್ಟೀಯಬೇ? ಆತ ಬಾಗಿಲ್ದಾಗ ನಿಂತು ಒದರಾಕತ್ತಾನ, ಲಗೂನ ಹೇಳು." ನನಗೂ ಯೋಚಿಸಿ ತಿದ್ದಲು ಹೊತ್ತಿರಲಿಲ್ಲ. "ಅಲಮಾರಿ ಮ್ಯಾಲಿನ ಖಾನೆದಾಗ ಐತಿ, ಅಪ್ಪನ ಫೋಟೋ ಹಿಂದ. ಅಲ್ಲೇ ನೋಡ, ಬಟ್ಟಿ ಕೆಳಗ" ಅಂದು ಫೋನಿಟ್ಟೆ.

ತಿರುಗಿ ನೋಡಿದರೆ ಮೈಸೂರಿನವಳು ಕುರ್ಚಿ ಎಳೆದುಕೊಂಡು ಬಂದು ಕೂತಿದ್ದಳು. ಕಣ್ಣು ಹೊಳೆಯುತ್ತಿದ್ದವು. "ಯಾರೇ ಅದು? ಎಷ್ಟು ಮಜವಾಗಿ ಮಾತಾಡ್ತಾರೆ. ನೀನೂ ಹಾಗೇ ಮಾತಾಡಿದೆ."

"ನಮ್ಮ ಮನೆ ಕೆಲಸದಾಕೆ" ಅಂದೆ.

ಈ ಮಾತು ಎಲ್ಲಿಂದ ಬಂತು ಎಂದು ನನ್ನನ್ನು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮೊದಲೇ ಯೋಚಿಸಿಟ್ಟದ್ದಲ್ಲ. ಪಕ್ಕದ ಮನೆಯಾಕೆಯ ಚಪ್ಪಲಿ ಸದ್ದಿಗೆ ಹೊರಳುವ ನಾಲಿಗೆ ಹೇಗೋ ಹಾಗೆ ಹೊರಳಿತು. ಒಂದು ಸುಳ್ಳು ಹೇಳಿದ ಮೇಲೆ ಅದಕ್ಕೆ ಗೋಡೆ, ಸೂರು ಎಲ್ಲ ಬೇಕಾಯಿತು. ಮನೆಯಲ್ಲಿ ನಾವು ಹಿಂದಿ ಮಾತಾಡುವುದು, ಅಮ್ಮನಿಗೆ ಕನ್ನಡ ಅಷ್ಟಕ್ಕಷ್ಟೇ ಅಂದೆ. ಆಫೀಸಿನಲ್ಲಿ ಅವ್ವನಿಗೆ ನಾನು ಅಮ್ಮ ಅನ್ನುತ್ತಿದ್ದೆ. ಕೆಲಸದಾಕೆ ರಾಯಚೂರು ಕಡೆಯವಳು, ನಾನು ಹುಟ್ಟಿದಾಗಿನಿಂದ ಮನೆಯಲ್ಲಿದ್ದಾಳೆ, ನನ್ನನ್ನು ಎತ್ತಿ ಆಡಿಸಿದವಳೇ ಅವಳು, ನನ್ನ ಕನ್ನಡವೆಲ್ಲ ಅವಳಿಂದ ಬಂದದ್ದು ಅಂದೆ. ಕೊನೆಯದರಲ್ಲಿ ಸುಳ್ಳು ಬಹಳ ಕಡಿಮೆ ಇತ್ತು.

"ಅದಕ್ಕೇ ಮೊದಲನೇ ದಿನ ಹಾಗೆ ಮಾತಾಡಿದ್ದಾ?" ಎಂದು ಅವಳಿಗೆ ಎಲ್ಲವೂ ಸರಿಹೊಂದಿತು.

ಅಲ್ಲಿಂದ ಮುಂದೆ ಊಟದ ಹೊತ್ತಿಗೆ, "ಇವತ್ತು ನಿಮ್ಮ ಕೆಲಸದಾಕೆ ಏನಂದ್ರು?" ಎಂಬ ಪ್ರಶ್ನೆ ಗ್ಯಾರಂಟಿ. ನಾನು ಹೇಳುತ್ತಿದ್ದೆ. ಹೇಳಿದರೆ ನಗುತ್ತಿದ್ದರು, ಆ ನಗು ಈಗ ನನ್ನ ಮೇಲಲ್ಲ. ಮಿತಭಾಷಿ ಹುಡುಗಿ ಮಾತಿನ ಮಲ್ಲಿಯಾದಳು. ಕುಕ್ಕರಿಗೆ ಒದರಬ್ಯಾಡ ಅನ್ನುವುದು, ದಾರದ ಆರೋಗ್ಯ ವಿಚಾರಿಸುವುದು, ಎಲ್ಲ ಹೊರಗೆ ಬಂತು. ತಮಾಷೆ ಎಂದರೆ, ಅವ್ವನ ಮಾತನ್ನು ಅವ್ವನ ಹಾಗೆಯೇ ಹೊರಗೆ ಆಡಲು ಸಿಕ್ಕಿದ್ದು ನನಗೆ ಅದೇ ಮೊದಲು, ಮತ್ತು ಆಡುವಾಗ ನನಗೆ ಸುಖವಾಗುತ್ತಿತ್ತು. ಸಂಜೆ ಮನೆಗೆ ಹೋಗಿ ಅವ್ವ ತಾಟಿಗೆ ರೊಟ್ಟಿ ಹಾಕುವಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಮೈಸೂರಿನವಳು ಹೊಸ ಸುದ್ದಿ ತಂದಳು. ಸುತ್ತಲಿನ ಕಂಪನಿಗಳ ಕನ್ನಡದವರೆಲ್ಲ ಸೇರಿ ರಾಜ್ಯೋತ್ಸವ ಮಾಡುವುದು, ಹಿಮಾಯತ್‌ನಗರದಲ್ಲಿ ಒಂದು ಸಣ್ಣ ಹಾಲ್ ಸಿಕ್ಕಿದೆ, ಭಾನುವಾರ ಬೆಳಿಗ್ಗೆ. ಅವಳೇ ಒಂದು ಕಿರುನಾಟಕ ಬರೆದಿದ್ದಳು. ಬೆಂಗಳೂರಿನ ಗಂಡ ಹೆಂಡತಿ ಹೈದರಾಬಾದಿಗೆ ಕೆಲಸಕ್ಕೆ ಬಂದು ಮನೆ ಮಾಡುತ್ತಾರೆ. ಕನ್ನಡ ಬರುವ ಕೆಲಸದವಳು ಸಿಕ್ಕಳೆಂದು ಖುಷಿಪಟ್ಟು ಇಟ್ಟುಕೊಳ್ಳುತ್ತಾರೆ. ಆಮೇಲೆ ಅವಳು ಹೇಳಿದ್ದು ಇವರಿಗೆ ಅರ್ಥವಾಗದೆ ಪಡುವ ಪಾಡು. ಕೆಲಸದವಳ ಪಾತ್ರ ಯಾರದೆಂದು ಹೇಳಬೇಕಾಗಿಲ್ಲ.

"ಮಾತು ನಾನು ಬರೆಯಲ್ಲ ಕಣೇ, ನೀನೇ ಹಾಕ್ಕೋ. ನಿಮ್ಮ ಕೆಲಸದಾಕೆ ಹೇಗೆ ಮಾತಾಡ್ತಾರೋ ಹಾಗೇ" ಅಂದಳು. ಅವರು ಉಡುವಂಥ ಸೀರೆಯೇ ಇದ್ದರೆ ಇನ್ನೂ ಚೆನ್ನ ಎಂದೂ ಸೇರಿಸಿದಳು.

ಒಲ್ಲೆ ಅನ್ನಬಹುದಿತ್ತು. ಒಲ್ಲೆ ಅಂದರೆ ಯಾಕೆ ಅಂತಾರೆ, ಯಾಕೆ ಅಂದರೆ ಏನು ಹೇಳಲಿ? ಒಪ್ಪಿಕೊಂಡೆ. ಅವ್ವನ ಹಳೆಯ ಇಳಕಲ್ ಸೀರೆ, ಮನೆಯಲ್ಲಿ ಉಟ್ಟು ಉಟ್ಟು ಬಣ್ಣ ಹೋದದ್ದು, ಟ್ರಂಕಿನ ತಳದಲ್ಲಿತ್ತು. ಹೇಳದೆ ತೆಗೆದುಕೊಂಡು ಹೋಗಿ ಆಫೀಸಿನ ಡ್ರಾಯರಿನಲ್ಲಿಟ್ಟೆ. ಮನೆಯಲ್ಲಿ ಒಂದೇ ಮಾತು ಹೇಳಿದ್ದೆ: ಭಾನುವಾರವೂ ಆಫೀಸಿದೆ.

ಕಾರ್ಯಕ್ರಮಕ್ಕೆ ನಾಲ್ಕು ದಿನ ಇರುವಾಗ ಮನೆಗೆ ಬಂದರೆ ಅವ್ವ ಬಾಗಿಲಲ್ಲೇ ನಿಂತಿದ್ದಳು. ನನ್ನನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿ, "ನಾಟಕದಾಗ ಪಾಲ್ಟು ಮಾಡಾಕತ್ತಿಯಂತ, ನನಗ ಒಂದು ಮಾತು ಹೇಳಲಿಲ್ಲಲ್ಲ" ಅಂದಳು.

"ಯಾರ್ ಹೇಳಿದ್ರು?"

"ನಿನ್ನ ಗೆಳತಿ ಫೋನ್ ಮಾಡಿದ್ಲು. ನಿನ್ನ ಹುಡುಕಿ ಮಾಡಿದ್ಲಂತ. ನೀ ಇರಲಿಲ್ಲ. ಆಂಟಿ ನೀವು ಬರ್ಲೇಬೇಕು ಅಂದ್ಲು."

"ನೀ ಏನಂದಿ?"

"ಬರ್ತೀನಿ ಅಂದೆ."

"ಯಾವ ಮಾತಿನಾಗ ಅಂದಿ ಅವ್ವ?"

"ಯಾವ ಮಾತಿನಾಗ ಅಂದ್ರ?"

"ಕನ್ನಡದಾಗ ಅಂದಿಯೋ ಹಿಂದ್ಯಾಗ ಅಂದಿಯೋ?"

ಅವ್ವ ನೆನಪು ಮಾಡಿಕೊಂಡಳು. "ಫೋನ್ ಎತ್ತಿದಾಗ ಹಾಂ ಬೋಲಿಯೇ ಅಂದೆ. ಅಕಿನೂ ಹಿಂದ್ಯಾಗ ಶುರು ಮಾಡಿದ್ಲು. ನಾನೂ ಹಂಗ ಮಾತಾಡಿದೆ. ಪಾಪ, ಅಕಿ ಹಿಂದಿ ಭಾಳ ಕಷ್ಟದ್ದು ಐತಿ ಬಿಡು" ಎಂದು ನಕ್ಕಳು. ನಾನು ಹಾಸಿಗೆಯ ಮೇಲೆ ಕೂತುಬಿಟ್ಟೆ.

ಆ ನಾಲ್ಕು ದಿನ ನಾನು ಮಾಡದ ಉಪಾಯವಿಲ್ಲ. ಬಿಸಿಲು ಅಂದೆ, ನವೆಂಬರಿನಲ್ಲಿ. ನಾಟಕ ಚೆನ್ನಾಗಿಲ್ಲ ಅಂದೆ. ಕುರ್ಚಿ ಕಡಿಮೆ, ನಿಂತುಕೊಳ್ಳಬೇಕಾಗುತ್ತದೆ ಅಂದೆ. "ಹಿಮಾಯತ್‌ನಗರ ಏನ್ ದೂರ, ನಡಕೊಂತ ಬಂದ್ರೂ ಅರ್ಧ ತಾಸು. ನಿಂತು ನೋಡ್ತೀನಿ" ಅಂದಳು. ಕನ್ನಡ ನಾಟಕ ನೋಡಿ ಅವಳಿಗೆ ಇಪ್ಪತ್ತೈದು ವರ್ಷದ ಮೇಲಾಗಿತ್ತು. ಅಷ್ಟು ಕನ್ನಡದ ಜನ ಒಂದೇ ಕಡೆ ಕೂತಿರುತ್ತಾರೆ, ಹೊರಗೆ, ಎಲ್ಲರ ಎದುರಿಗೆ ಕನ್ನಡ ಮಾತಾಡುತ್ತಾರೆ ಎಂಬುದೇ ಅವಳಿಗೆ ದೊಡ್ಡ ಸೋಜಿಗ. ಎರಡು ಸೀರೆಗಳ ಕೆಲಸ ಮುಂದಕ್ಕೆ ಹಾಕಿದಳು. ಯಾವ ಸೀರೆ ಉಡಲಿ ಎಂದು ನನ್ನನ್ನು ಮೂರು ಸಲ ಕೇಳಿದಳು.

ನನಗಿದ್ದದ್ದು ಎರಡು ಭಯ. ರಂಗದ ಮೇಲಿನ ನನ್ನ ಮಾತು ಅವ್ವ ಕೇಳುತ್ತಾಳೆ ಎಂಬುದು ಒಂದು. ಕೆಳಗೆ ಅವ್ವನ ಮಾತು ಅವರು ಕೇಳುತ್ತಾರೆ ಎಂಬುದು ಇನ್ನೊಂದು. ಇವೆರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದ್ದೆ ಎಂದು ಯಾರಾದರೂ ಕೇಳಿದರೆ ನಾಚಿಕೆಯಾಗುತ್ತದೆ. ಎರಡನೆಯದಕ್ಕೆ. ಅವಳು ಆ ಹಾಲಿನಲ್ಲಿ ಒಮ್ಮೆ ಬಾಯಿ ತೆಗೆದರೆ ಸಾಕಿತ್ತು. ಆರು ತಿಂಗಳಿನಿಂದ ನಾನು ಮಾಡಿ ತೋರಿಸಿದ ದನಿ, ಅದೇ ಏರಿಳಿತ, ಸಿಲ್ಕ್ ಸೀರೆ ಉಟ್ಟುಕೊಂಡು ನಿಂತಿರುತ್ತದೆ. ಭಾನುವಾರ ಬೆಳಿಗ್ಗೆ ಹೊರಡುವಾಗ, "ಅಲ್ಲಿ ಯಾರ ಕೂಡಾನೂ ಜಾಸ್ತಿ ಮಾತಾಡಬ್ಯಾಡ ಅವ್ವ" ಅಂದೆ. ಯಾಕೆ ಎಂದು ಅವಳು ಕೇಳಲಿಲ್ಲ. ಹೊರಗೆ ಹೋಗುವಾಗ ಮಕ್ಕಳಿಗೆ ಹೇಳುವ ಮಾತು ಇದು. ಅವಳೇ ನನಗೆ ಹೇಳುತ್ತಿದ್ದದ್ದು.

ಮೈಸೂರಿನವಳು ಅವ್ವನನ್ನು ಮುಂದಿನ ಸಾಲಿನಲ್ಲಿ ಕೂರಿಸಿದಳು. ನಾನು ಆಗಲೇ ಪರದೆಯ ಹಿಂದೆ ಹೋಗಿದ್ದೆ. ಸಂದಿಯಿಂದ ನೋಡಿದೆ. ಅವ್ವ ಅಂಚಿಗೆ ಕೂತು, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಸುತ್ತಲಿನವರ ಮಾತಿಗೆ ಕಿವಿಗೊಟ್ಟು ನಗುತ್ತಿದ್ದಳು. ಯಾರಿಗೂ ಅಲ್ಲ, ಸುಮ್ಮನೆ.

ನಾನು ರಂಗಕ್ಕೆ ಬಂದಾಗ ಸೀರೆ ನೋಡಿಯೇ ಜನ ನಕ್ಕರು. ಮೊದಲ ಮಾತು ಹೇಳಿದೆ: "ಏನ್ರೀ ಇದು, ಮನಿ ಐತೋ ದವಾಖಾನಿ ಐತೋ, ಇಷ್ಟು ಬೆಳ್ಳಗ?" ಹಾಲ್ ಒಡೆದುಹೋಗುವಂತೆ ನಗು. ಅವ್ವನೂ ನಕ್ಕಳು. ಮಗಳು ಎಲ್ಲರನ್ನೂ ನಗಿಸುತ್ತಿದ್ದಾಳೆಂಬ ಹೆಮ್ಮೆ ಅವಳ ಮುಖದಲ್ಲಿತ್ತು. ಅದು ನನಗೆ ಅಲ್ಲಿಂದಲೇ ಕಂಡಿತು. ನಾನು ಅವಳ ಕಡೆ ನೋಡಬಾರದೆಂದು ಹಿಂದಿನ ಗೋಡೆಯನ್ನು ನೋಡುತ್ತಾ ಮುಂದುವರಿದೆ. ಒಂದು ದಿನ ಹಾಕಿದ ಅಂಗಿ ಒಗೆಯಲು ಹಾಕುವವರ ಮೇಲಿನ ಮಾತು ಬಂತು. ದಾರದ ಜೊತೆಗಿನ ಮಾತು ಬಂತು. ಆಮೇಲೆ ಪರದೆಯ ಹಿಂದಿನಿಂದ ಯಾರೋ ಕುಕ್ಕರಿನ ಸೀಟಿ ಹಾಕಿದರು. ನಾನು ಸೊಂಟಕ್ಕೆ ಕೈಯಿಟ್ಟು ಆ ಕಡೆ ತಿರುಗಿ, "ತಡಿ, ಬಂದೆ, ಒದರಬ್ಯಾಡ" ಅಂದೆ.

ಎಲ್ಲಕ್ಕಿಂತ ದೊಡ್ಡ ನಗು ಅದಕ್ಕೇ ಬಂತು. ಆಗ ನೋಡಬಾರದಿತ್ತು, ನೋಡಿದೆ. ಅವ್ವ ಈಗಲೂ ನಗುತ್ತಿದ್ದಳು, ಆದರೆ ಪಕ್ಕದವರನ್ನು ನೋಡಿಕೊಂಡು ನಗುತ್ತಿದ್ದಳು. ಅವರು ನಕ್ಕಾಗ ನಗುವುದು, ನಿಲ್ಲಿಸಿದಾಗ ನಿಲ್ಲಿಸುವುದು. ನನಗೆ ಆ ನಗು ಚೆನ್ನಾಗಿ ಗೊತ್ತು. ಕ್ಯಾಂಟೀನಿನಲ್ಲಿ ನಾನೂ ಹಾಗೆಯೇ ನಕ್ಕಿದ್ದೆ.

ನಾಟಕ ಮುಗಿದ ಮೇಲೆ ಸೀರೆ ಬದಲಿಸಲೂ ನಿಲ್ಲದೆ ಕೆಳಗೆ ಓಡಿದೆ. ಅಷ್ಟರಲ್ಲಿ ಮೈಸೂರಿನವಳು ಅವ್ವನ ಕೈ ಹಿಡಿದುಕೊಂಡು ನಿಂತಿದ್ದಳು. "ಆಂಟಿ, ನಾಟಕ ಇಷ್ಟ ಆಯ್ತಾ?" ಎಂದು ಕನ್ನಡದಲ್ಲಿ ಕೇಳಿ, ಏನೋ ನೆನಪಾಗಿ ಅದನ್ನೇ ತನ್ನ ಕಷ್ಟದ ಹಿಂದಿಯಲ್ಲಿ ಹೇಳಿದಳು. ನಾನು ಮೂರು ಹೆಜ್ಜೆ ದೂರದಲ್ಲಿದ್ದೆ. ಅವ್ವ ಉತ್ತರ ಕೊಡುವ ಮೊದಲೇ ಅವಳು ನಗುತ್ತಾ, "ನಿಮ್ಮ ಮನೆ ಕೆಲಸದಾಕೇನೂ ಕರ್ಕೊಂಡು ಬರಬೇಕಿತ್ತು ಆಂಟಿ. ಇದೆಲ್ಲ ಅವರದೇ ಮಾತಲ್ವಾ? ಇವಳು ಅವರ ಬಗ್ಗೆ ದಿನಾ ಹೇಳ್ತಾಳೆ. ಸಣ್ಣವಳಿದ್ದಾಗಿಂದ ಇವಳನ್ನ ಅವರೇ ಸಾಕಿದ್ದಂತೆ" ಅಂದಳು. ಖುಷಿಯಲ್ಲಿ ಅವಳಿಗೆ ಹಿಂದಿ ಮರೆತುಹೋಗಿತ್ತು.

ಅವ್ವ ನನ್ನ ಕಡೆ ತಿರುಗಿದಳು. ನಾನು ಉಟ್ಟಿದ್ದ ತನ್ನ ಸೀರೆಯನ್ನು ನೋಡಿದಳು. ಆಮೇಲೆ ಅವಳ ಕಡೆ ತಿರುಗಿ, ಗಲ್ಲಿಯ ಹಿಂದಿಯಲ್ಲಿ, ಮೆಲ್ಲಗೆ, "ಉನೆ ನೈ ಆಯೀ ಬೇಟಾ. ಘರ್ ಮೇ ಬಹುತ್ ಕಾಮ್ ಥಾ ಉಸ್ಕು" ಅಂದಳು. ಅವಳು ಬರಲಿಲ್ಲ ಮಗಾ, ಮನೆಯಲ್ಲಿ ಅವಳಿಗೆ ತುಂಬಾ ಕೆಲಸವಿತ್ತು.

ನನಗೆ ಮೊದಲು ಆದದ್ದು ಸಮಾಧಾನ. ಬದುಕಿದೆ ಅನ್ನಿಸಿತು. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ.

ಆಟೋದಲ್ಲಿ ಅವ್ವ ಹಿಂದಿಯಲ್ಲೂ ಮಾತಾಡಲಿಲ್ಲ. ಮನೆಗೆ ಬಂದು, ಬಾಗಿಲು ಹಾಕಿ, ನಾನು ಬಿಚ್ಚಿಹಾಕಿದ ಸೀರೆಯನ್ನು ಕೈಗೆತ್ತಿಕೊಂಡು ಕಿಟಕಿಯ ಹತ್ತಿರ ಹಿಡಿದು ನೋಡಿದಳು. "ಸೆರಗು ಹರಿದೈತಿ. ಜನ ಏನ್ ಅಂದ್ಕೊಂಡ್ರೋ. ನನಗ ಹೇಳಿದ್ರ ಚಲೋದು ಕೊಡತಿದ್ನಲ್ಲ" ಅಂದಳು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಆ ಸಂಜೆ ಕುಕ್ಕರ್ ಕೂಗಿತು, ಅವ್ವ ಎದ್ದುಹೋಗಿ ಸುಮ್ಮನೆ ಗ್ಯಾಸ್ ಆರಿಸಿ ಬಂದಳು. ಮಾರನೆಯ ಬೆಳಿಗ್ಗೆಯೂ ಹಾಗೇ. ನಾನು ಒಳಗಿನ ಕೋಣೆಯಲ್ಲಿ ಮೈಯೆಲ್ಲ ಕಿವಿಯಾಗಿ ಕಾದೆ. ಮನೆಯಲ್ಲಿ ಅಷ್ಟು ಸದ್ದಿಲ್ಲದ್ದು ಅಪ್ಪ ಹೋದಾಗಲೂ ಇರಲಿಲ್ಲ.

ಸೋಮವಾರ ಮೈಸೂರಿನವಳನ್ನು ಆಫೀಸಿನ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ ಹೇಳಿದೆ. ವಾಕ್ಯಗಳನ್ನು ತಲೆಯೊಳಗೆ ತಿದ್ದಿಕೊಳ್ಳಲಿಲ್ಲ. "ಕೆಲಸದಾಕಿ ಯಾರೂ ಇಲ್ಲ. ಅಕಿ ನಮ್ಮವ್ವ. ನಿನ್ನೆ ನೀನು ಕೈ ಹಿಡಕೊಂಡಿದ್ದಿಯಲ್ಲ, ಅಕಿನ."

ಅವಳು ಗೋಡೆಗೆ ಒರಗಿ ನಿಂತಳು. ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು. "ನಾನು ಅವರ ಮುಂದೇನೇ ಅಂದ್ನಲ್ಲೇ" ಅಂದಳು. ಮರುಗಳಿಗೆ ಸಿಟ್ಟು ಬಂತು. "ನಂಗ್ಯಾಕೆ ಹೇಳ್ಲಿಲ್ಲ? ಹೇಳಿದ್ರೆ ನಾನೇನು ಮಾಡ್ತಿದ್ದೆ ಅಂದ್ಕೊಂಡಿದ್ದೆ ನೀನು?" ಏನೂ ಮಾಡುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಒಂದೆರಡು ಸಲ ನಗುತ್ತಿದ್ದಳು, ಅಷ್ಟೇ. ಆ ಒಂದೆರಡು ನಗುವನ್ನು ತಪ್ಪಿಸಿಕೊಳ್ಳಲು ನಾನು ಅವ್ವನನ್ನೇ ಮುಂದೆ ತಳ್ಳಿದ್ದೆ. ಅವಳು ಕಣ್ಣೊರೆಸಿಕೊಂಡು, ಬರುವ ಭಾನುವಾರ ಮನೆಗೆ ಬರುತ್ತೇನೆ, ಆಂಟಿಯ ಹತ್ತಿರ ತಪ್ಪಾಯಿತು ಅನ್ನಬೇಕು, ನೀನು ಬೇಡ ಅಂದರೂ ಬರುತ್ತೇನೆ ಅಂದಳು.

ಅವತ್ತು ಆಫೀಸಿನಿಂದ ಬೇಗ ಹೊರಟು ಬಂದು, ಇನ್ನೂ ಬೆಳಕಿರುವಾಗಲೇ, ಅವ್ವನ ಹತ್ತಿರ ಕೂತು ಎಲ್ಲ ಹೇಳಿದೆ. ಕ್ಯಾಂಟೀನಿನಿಂದ ಹಿಡಿದು ಮೆ‌ಟ್ಟಿಲವರೆಗೆ. ತಪ್ಪಾತವ್ವ ಅಂದೆ. ಅವಳು ತೊಡೆಯ ಮೇಲಿನ ಸೀರೆಯಿಂದ ಕಣ್ಣೆತ್ತದೆ ಕೇಳಿದಳು. ಅಂಚಿನ ಹೊಲಿಗೆ ಮುಗಿಸಿ, "ಸಣ್ಣಾಕಿ ನೀ, ಹೆದರಿದಿ" ಅಂದಳು. ಅವಳು ಕ್ಷಮಿಸಿದಳೆಂದು ನನಗೆ ಅಳು ಬಂತು. "ಅಕಿ ಐತವಾರ ಬರ್ತಾಳಂತ" ಅಂದೆ.

"ಬರ್ಲಿ. ಉಣ್ಣಾಕ ಇಲ್ಲೇ ಬಾ ಅನ್ನು. ಎಣ್ಣಿಗಾಯಿ ಮಾಡ್ತೀನಿ." ದಾರ ಕಡಿದು, ಹೊಸ ದಾರ ಪೋಣಿಸಲು ಸೂಜಿಯನ್ನು ಬೆಳಕಿಗೆ ಹಿಡಿದಳು. ಹಾಗೆ ಹಿಡಿದುಕೊಂಡೇ ಕೇಳಿದಳು, "ಅಕಿ ಮುಂದ ನಾ ಯಾವ ಮಾತು ಆಡ್ಲಿ? ನೀ ಹೇಳಿದಂಗ ಆಡ್ತೀನಿ."

ಚುಚ್ಚಿ ಕೇಳಿದ್ದಲ್ಲ. ಯಾವ ಸೀರೆ ಉಡಲಿ ಎಂದು ಕೇಳಿದ ಹಾಗೆಯೇ ಕೇಳಿದಳು. ನಿನ್ನ ಮಾತೇ ಆಡವ್ವ ಅನ್ನಬೇಕಿತ್ತು ನಾನು, ತಟ್ಟನೆ. ಬಾಯಿ ತೆರೆದೆ. ತೆರೆದೊಡನೆ ಬರಲಿರುವ ಭಾನುವಾರ ಕಣ್ಣ ಮುಂದೆ ನಿಂತಿತು: ಅವ್ವ ಬಾಗಿಲಲ್ಲಿ ನಿಂತು ದೊಡ್ಡ ದನಿಯಲ್ಲಿ ಬರ್ರಿ ಬರ್ರಿ ಅನ್ನುವುದು, ಮೈಸೂರಿನವಳು ತುಟಿ ಬಿಗಿಹಿಡಿದು ನಗದೆ ಇರಲು ಒದ್ದಾಡುವುದು, ಅದನ್ನು ಅವ್ವ ನೋಡುವುದು. ಎಷ್ಟು ಹೊತ್ತು ತಡೆದೆನೋ ಗೊತ್ತಿಲ್ಲ, ಒಂದು ಗಳಿಗೆ ಇರಬೇಕು.

ಅವ್ವ ನನ್ನ ಮುಖ ನೋಡುತ್ತಿದ್ದಳು. "ಆತು ಬಿಡು, ಹಿಂದ್ಯಾಗ ಮಾತಾಡ್ತೀನಿ" ಅಂದಳು.